ಪೌಲನ ಶಿಷ್ಯನ ಹೆಸರಲ್ಲಿ ಪ್ಲೇಟೋನ ಪಾಠ

1895ರಲ್ಲಿ ಹ್ಯೂಗೋ ಕೋಖ್ ಮತ್ತು ಯೋಸೆಫ್ ಸ್ಟಿಗ್ಲ್‌ಮಾಯರ್ ಎಂಬ ಇಬ್ಬರು ಜರ್ಮನ್ ವಿದ್ವಾಂಸರು ಒಬ್ಬರ ಕೆಲಸ ಇನ್ನೊಬ್ಬರನ್ನು ಅವಲಂಬಿಸದೆ ಒಂದೇ ತೀರ್ಮಾನಕ್ಕೆ ಬಂದರು. ಇಬ್ಬರೂ ಎರಡು ಹಳೆಯ ಗ್ರಂಥಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಸಾಲುಸಾಲಾಗಿ ಹೋಲಿಸಿದ್ದರು. ಒಂದು, ಅಪೊಸ್ತಲ ಪೌಲನ ಶಿಷ್ಯ ದಿಯೊನುಸಿಯ ಬರೆದದ್ದೆಂದು ಕ್ರೈಸ್ತ ಲೋಕ ಶತಮಾನಗಳ ಕಾಲ ನಂಬಿದ್ದ ‘ದೈವನಾಮಗಳು’. ಇನ್ನೊಂದು, ಕ್ರೈಸ್ತನಲ್ಲದ, ಅಥೆನ್ಸ್‌ನ ಪ್ಲೇಟೋ ಪಂಥದ ಮುಖ್ಯಸ್ಥನಾಗಿದ್ದ ಪ್ರೊಕ್ಲಸ್ ಕೆಡುಕಿನ ಬಗ್ಗೆ ಬರೆದ ಪುಟ್ಟ ಪ್ರಬಂಧ. ಅದರ ಗ್ರೀಕ್ ಮೂಲ ಕಳೆದುಹೋಗಿ, 13ನೇ ಶತಮಾನದ ಲ್ಯಾಟಿನ್ ಅನುವಾದದಲ್ಲಿ ಪೂರ್ತಿಯಾಗಿ ಉಳಿದಿತ್ತು. ಕೆಡುಕಿಗೆ ಸ್ವಂತ ಅಸ್ತಿತ್ವವಿಲ್ಲ, ಒಳಿತಿನ ಕೊರತೆಗೇ ಆ ಹೆಸರು ಎಂಬ ವಾದ ಎರಡರಲ್ಲೂ ಇತ್ತು. ದಿಯೊನುಸಿಯನ ನಾಲ್ಕನೇ ಅಧ್ಯಾಯದ ಕೊನೆಯ ಭಾಗ ಪ್ರೊಕ್ಲಸ್‌ನ ಪ್ರಬಂಧದ ಸಾರಾಂಶವೇ ಆಗಿತ್ತು. ಪ್ರೊಕ್ಲಸ್ ತೀರಿಕೊಂಡದ್ದು 485ರಲ್ಲಿ. ಒಂದನೇ ಶತಮಾನದ ಮನುಷ್ಯ ಅವನ ಗ್ರಂಥವನ್ನು ಸಂಗ್ರಹಿಸಿ ಬರೆಯುವುದು ಸಾಧ್ಯವೇ ಇರಲಿಲ್ಲ.

ಕಳ್ಳ ಸಿಕ್ಕಿಬಿದ್ದ, ಸರಿ. ಕದ್ದ ಮಾಲು ಎಂಥದ್ದು, ಅದನ್ನು ಅವನು ಏನು ಮಾಡಿದ ಎಂಬುದು ನನಗೆ ಹೆಚ್ಚು ಕುತೂಹಲದ ವಿಷಯ. ಅದಕ್ಕೆ ಪ್ರೊಕ್ಲಸ್‌ನಿಂದ ಎಂಟು ಶತಮಾನಕ್ಕೂ ಹಿಂದೆ, ಪ್ಲೇಟೋನ ಕಾಲಕ್ಕೆ ಹೋಗಬೇಕು.

ಪರಮ ಒಳಿತು ಎಂಬುದು ಇರವಿಗೂ ಆಚೆಗಿನದು ಎಂದು ‘ರಿಪಬ್ಲಿಕ್’ನ ಆರನೇ ಭಾಗದಲ್ಲಿ ಪ್ಲೇಟೋ ಒಂದು ಮಾತು ಬರೆದುಬಿಟ್ಟ. ‘ಪಾರ್ಮೆನಿಡೀಸ್’ ಸಂವಾದದಲ್ಲಿ ಇನ್ನೂ ಮುಂದೆ ಹೋಗಿ, ನಿಜಕ್ಕೂ ‘ಒಂದು’ ಎಂಬುದೊಂದು ಇದ್ದರೆ ಅದಕ್ಕೆ ಹೆಸರಿರದು, ಅದರ ವರ್ಣನೆ ಆಗದು, ಅದು ಅರಿವಿಗೂ ಸಿಗದು ಎಂಬ ತರ್ಕ ಕಟ್ಟಿದ. ಅದು ಬರೀ ತರ್ಕದ ಕಸರತ್ತೋ ಏನೋ. ಮುಂದಿನ ಪ್ಲೇಟೋವಾದಿಗಳು ಮಾತ್ರ ಅದನ್ನು ದೇವರ ವಿಚಾರವೆಂದೇ ಓದಿಕೊಂಡರು.

ಈ ಓದನ್ನು ಬೈಬಲ್ಲಿಗೆ ತಂದು ಕೂಡಿಸಿದವನು ಕ್ರೈಸ್ತನಲ್ಲ, ಅಲೆಕ್ಸಾಂಡ್ರಿಯಾದ ಯೆಹೂದಿ ಫಿಲೋ. ಯೇಸುವಿನ ಸಮಕಾಲೀನ. ವಿಮೋಚನಕಾಂಡದ 20ನೇ ಅಧ್ಯಾಯದಲ್ಲಿ ಜನರೆಲ್ಲ ದೂರ ನಿಂತಿರುವಾಗ ಮೋಶೆಯೊಬ್ಬನೇ ದೇವರಿದ್ದ ಕಾರ್ಗತ್ತಲನ್ನು ಹೊಕ್ಕ ಪ್ರಸಂಗವಿದೆ. ಕಣ್ಣಿಗೂ ಬುದ್ಧಿಗೂ ಎಟುಕದ ಕಡೆಗೆ ಮನಸ್ಸು ಕಾಲಿಡುವುದೇ ಆ ಕತ್ತಲು ಎಂದ ಫಿಲೋ. ಅದೇ ಊರಿನ ಕ್ರೈಸ್ತ ಚಿಂತಕರಾದ ಕ್ಲೆಮೆಂಟ್ ಮತ್ತು ಓರಿಗನ್ ಈ ದಾರಿಯನ್ನು ಕ್ರೈಸ್ತರಿಗೆ ತೆರೆದುಕೊಟ್ಟರು.

3ನೇ ಶತಮಾನದ ಅಲೆಕ್ಸಾಂಡ್ರಿಯಾದಲ್ಲಿ ಅಮ್ಮೋನಿಯಸ್ ಸಕ್ಕಾಸ್ ಎಂಬ ಗುರುವಿದ್ದ, ತಾನೇನೂ ಬರೆದಿಡಲಿಲ್ಲ. ಅವನ ಬಳಿ 11 ವರ್ಷ ಕಲಿತವನು ಪ್ಲೊಟೈನಸ್. ಓರಿಗನ್ ಕೂಡ ಅಲ್ಲೇ ಕಲಿತ ಎಂದು ಪ್ಲೊಟೈನಸ್‌ನ ಶಿಷ್ಯ ಪೊರ್ಫಿರಿ ಹೇಳುತ್ತಾನೆ. ಅವನು ಈ ಓರಿಗನ್ನೋ ಅದೇ ಹೆಸರಿನ ಬೇರೊಬ್ಬನೋ ಎಂಬ ವಾದ ಇನ್ನೂ ಮುಗಿದಿಲ್ಲ. ಎಲ್ಲವೂ ‘ಒಂದ’ರಿಂದ ಉಕ್ಕಿ ಹೊರಬಂದಿದೆ, ಆತ್ಮ ಒಳಮುಖವಾಗಿ ತಿರುಗಿದರೆ ಮರಳಿ ಅದರಲ್ಲಿ ಒಂದಾಗಬಹುದು ಎಂಬುದು ಪ್ಲೊಟೈನಸ್‌ನ ದರ್ಶನ. ತಾನು ಜೊತೆಗಿದ್ದ ಕಾಲದಲ್ಲಿ ಗುರುವಿಗೆ ಆ ಅನುಭವ ನಾಲ್ಕು ಸಲ ಆಯಿತೆಂದು ಪೊರ್ಫಿರಿ ದಾಖಲಿಸಿದ್ದಾನೆ.

ಇಲ್ಲಿ ನಮ್ಮ ಓದುಗರಿಗೆ ಉಪನಿಷತ್ತಿನ ‘ನೇತಿ ನೇತಿ’ ನೆನಪಾದರೆ ಆಶ್ಚರ್ಯವಿಲ್ಲ. ಭಾರತದ ತತ್ವಜ್ಞಾನ ತಿಳಿಯುವ ಆಸೆಯಿಂದ ಪ್ಲೊಟೈನಸ್ ಚಕ್ರವರ್ತಿ ಮೂರನೇ ಗಾರ್ಡಿಯನ್‌ನ ದಂಡಿನ ಜೊತೆ ಪೂರ್ವಕ್ಕೆ ಹೊರಟದ್ದೂ ನಿಜ. ಆದರೆ ಚಕ್ರವರ್ತಿ ಮೆಸೊಪೊಟೇಮಿಯಾದಲ್ಲೇ ಸತ್ತ, ಪ್ಲೊಟೈನಸ್ ಜೀವ ಉಳಿಸಿಕೊಂಡು ಅಂತಿಯೋಕ್ಯಕ್ಕೆ ಓಡಿಬಂದ. ಇದರ ಮೇಲೆ ದೊಡ್ಡ ಸಿದ್ಧಾಂತ ಕಟ್ಟುವ ಉತ್ಸಾಹ ಬೇಡ.

ಗ್ರೀಕ್ ತತ್ವವನ್ನು ಕ್ರೈಸ್ತರು ಪಡೆದುಕೊಂಡದ್ದಷ್ಟೇ ಅಲ್ಲ, ಬುಡಮೇಲೂ ಮಾಡಿದರು ಎಂಬುದಕ್ಕೆ ಸಾಕ್ಷಿ ಬೇಕಿದ್ದರೆ 4ನೇ ಶತಮಾನದ ನಿಸ್ಸಾದ ಗ್ರೆಗರಿಯನ್ನು ಓದಬೇಕು. ಇಂದಿನ ಟರ್ಕಿಯಲ್ಲಿರುವ ಕಪ್ಪದೋಕ್ಯದವನು. ಅವನ ಎದುರಾಳಿ ಯುನೋಮಿಯಸ್, ದೇವರ ಸ್ವರೂಪವೆಲ್ಲ ‘ಹುಟ್ಟಿಲ್ಲದವನು’ ಎಂಬ ಒಂದು ಮಾತಿನಲ್ಲಿ ಅಡಗಿದೆ, ಹಾಗಾಗಿ ಹುಟ್ಟಿದ ಮಗ, ಅಂದರೆ ಯೇಸು, ತಂದೆಗೆ ಸಮನಲ್ಲ ಎಂದು ವಾದಿಸುತ್ತಿದ್ದ. ದೇವರಿಗೆ ಎಲ್ಲೆಯೇ ಇಲ್ಲ, ಎಲ್ಲೆಯಿಲ್ಲದ್ದನ್ನು ಯಾವ ಮಾತೂ ಸುತ್ತುವರಿಯಲಾರದು ಎಂದು ಗ್ರೆಗರಿ ಉತ್ತರ ಕೊಟ್ಟ. ಕೊನೆಮೊದಲಿಲ್ಲದ್ದು ಅಪೂರ್ಣವೆಂದು ಎಣಿಸುತ್ತಿದ್ದ ಹಳೆಯ ಗ್ರೀಕ್ ಮನಸ್ಸಿಗೆ ಇದು ಉಲ್ಟಾ ಮಾತು.

‘ಮೋಶೆಯ ಜೀವನ’ ಕೃತಿಯಲ್ಲಿ ಈ ವಿಚಾರ ಕಥೆಯ ರೂಪ ತಾಳುತ್ತದೆ. ಮೊದಲು ಉರಿಯುವ ಪೊದೆಯ ಬೆಳಕು, ಆಮೇಲೆ ಮೋಡ, ಕೊನೆಗೆ ಸೀನಾಯಿ ಬೆಟ್ಟದ ಕತ್ತಲು. ಪ್ಲೇಟೋನ ಪ್ರಸಿದ್ಧ ದೃಷ್ಟಾಂತದಲ್ಲಿ ಗುಹೆಯ ಕೈದಿ ಕತ್ತಲಿಂದ ಸೂರ್ಯನತ್ತ ನಡೆದರೆ ಗ್ರೆಗರಿಯ ಮೋಶೆ ಬೆಳಕಿಂದ ಕತ್ತಲಿಗೆ ನಡೆಯುತ್ತಾನೆ. ದೇವರನ್ನು ನೋಡಬೇಕೆಂದು ಮೋಶೆ ಬೇಡಿದಾಗ ದೇವರು ಅವನನ್ನು ಬಂಡೆಯ ಸಂದಿನಲ್ಲಿ ನಿಲ್ಲಿಸಿ, ಕೈಯಿಂದ ಮರೆಮಾಡಿ, ದಾಟಿಹೋದ ಮೇಲೆ ಬೆನ್ನನ್ನಷ್ಟೇ ತೋರಿಸುತ್ತಾನೆ. ಬೆನ್ನು ಕಾಣುವುದು ಹಿಂದೆ ನಡೆಯುವವನಿಗೆ. ಆದ್ದರಿಂದ ದೇವರು ಕರೆದೊಯ್ದ ಕಡೆ ಅವನ ಹಿಂದೆ ಹೋಗುವುದೇ ದೇವರನ್ನು ನೋಡುವುದು ಎಂದು ಗ್ರೆಗರಿ ವಿವರಿಸುತ್ತಾನೆ. ಈ ನಡಿಗೆಗೆ ಕೊನೆಯಿಲ್ಲ, ತಣಿದು ಕೂರುವ ಜಾಗವೂ ಇಲ್ಲ. ಆತ್ಮದ ಒಂದಂಶ ಯಾವಾಗಲೂ ಮೇಲೆಯೇ ಉಳಿದಿರುತ್ತದೆ ಎಂದ ಪ್ಲೊಟೈನಸ್‌ಗೆ ಇದು ಒಪ್ಪಿಗೆಯಾಗುತ್ತಿರಲಿಲ್ಲ. ಶೂನ್ಯದಿಂದ ಸೃಷ್ಟಿಯಾದ ಆತ್ಮಕ್ಕೂ ಸೃಷ್ಟಿಕರ್ತನಿಗೂ ನಡುವೆ ಗ್ರೆಗರಿ ಕಂಡ ಅಂತರ ಗ್ರೀಕರ ಲೆಕ್ಕದಲ್ಲಿ ಇರಲಿಲ್ಲ.

ಇಷ್ಟೆಲ್ಲ ಆದ ಮೇಲೆ ಬಂದವನು ನಮ್ಮ ದಿಯೊನುಸಿಯ. ಅವನು 500ರ ಆಸುಪಾಸಿನವನು, ಬಹುಶಃ ಸಿರಿಯಾದವನು. ನಿಜವಾದ ಹೆಸರು ಇವತ್ತಿಗೂ ಗೊತ್ತಿಲ್ಲ. ಆರಿಸಿಕೊಂಡ ಹೆಸರಿನಲ್ಲಿ ಮಾತ್ರ ಭಾರೀ ಲೆಕ್ಕಾಚಾರವಿದೆ. ಅಪೊಸ್ತಲರ ಕೃತ್ಯಗಳ 17ನೇ ಅಧ್ಯಾಯದಲ್ಲಿ ಪೌಲ ಅಥೆನ್ಸ್‌ನ ಅರಿಯೊಪಾಗದಲ್ಲಿ ನಿಂತು, ತಿಳಿಯದ ದೇವರಿಗೆಂದು ನೀವು ಕಟ್ಟಿದ ಬಲಿಪೀಠ ಕಂಡೆ, ಆ ದೇವರನ್ನೇ ನಿಮಗೆ ಸಾರುತ್ತೇನೆ ಎನ್ನುತ್ತಾನೆ. ಗ್ರೀಕ್ ಕವಿಯೊಬ್ಬನ ಸಾಲನ್ನೂ ಎತ್ತಿ ಹೇಳುತ್ತಾನೆ. ಆವತ್ತು ನಂಬಿದ ಕೆಲವರಲ್ಲಿ ಒಬ್ಬ ದಿಯೊನುಸಿಯ. ಅಥೆನ್ಸ್‌ನ ಜ್ಞಾನವನ್ನು ಪೌಲನ ಕಾಲಬುಡದಲ್ಲಿ ಕೂರಿಸಲು ಇದಕ್ಕಿಂತ ಒಳ್ಳೆಯ ಹೆಸರು ಸಿಗುತ್ತಿರಲಿಲ್ಲ. ಕತೆ ನಂಬಿಸಲು ಏನು ಬೇಕೋ ಅದನ್ನೂ ಮಾಡಿದ: ಯೇಸು ಶಿಲುಬೆಯಲ್ಲಿದ್ದಾಗ ಕವಿದ ಗ್ರಹಣವನ್ನು ತಾನು ಕಣ್ಣಾರೆ ಕಂಡೆನೆಂದು ಒಂದು ಪತ್ರದಲ್ಲಿ ಬರೆದ, ಪತ್ಮೋಸ್ ದ್ವೀಪದಲ್ಲಿದ್ದ ಯೋಹಾನನಿಗೇ ಇನ್ನೊಂದು ಪತ್ರ ಹಾಕಿದ.

ಅವನ ‘ಅನುಭಾವ ದೇವತಾಶಾಸ್ತ್ರ’ದಲ್ಲಿ ಇರುವುದು ಐದೇ ಪುಟ್ಟ ಅಧ್ಯಾಯ. ಮೇಲೇರಿದಂತೆಲ್ಲ ಮಾತು ಕಡಿಮೆಯಾಗುತ್ತ ಕೊನೆಗೆ ನಾಲಿಗೆಯೇ ನಿಂತುಹೋಗುತ್ತದೆ ಎನ್ನುತ್ತಾನೆ. ಕೊನೆಯ ಅಧ್ಯಾಯ ಬರೀ ‘ಅಲ್ಲ’ಗಳ ಸರಣಿ: ಅದು ಆತ್ಮವಲ್ಲ, ಬುದ್ಧಿಯಲ್ಲ, ಸಂಖ್ಯೆಯಲ್ಲ, ಕತ್ತಲಲ್ಲ, ಬೆಳಕಲ್ಲ. ಕಟ್ಟಕಡೆಗೆ ಈ ‘ಅಲ್ಲ’ ಎಂಬುದಕ್ಕೂ ಅದು ನಿಲುಕದು. ಸಲಕರಣೆಯೆಲ್ಲ ‘ಪಾರ್ಮೆನಿಡೀಸ್’ ಸಂವಾದದ್ದು, ಪ್ರೊಕ್ಲಸ್ ಹರಿತ ಮಾಡಿಕೊಟ್ಟದ್ದು. ಆದರೆ ಪ್ರೊಕ್ಲಸ್‌ನ ಹತ್ತಾರು ದೇವತೆಗಳು ಇವನಲ್ಲಿ ಇಲ್ಲ. ಅವರ ಜಾಗದಲ್ಲಿ ಒಬ್ಬನೇ ದೇವರ ನಾಮಗಳೂ ಒಂಬತ್ತು ದರ್ಜೆಯ ದೇವದೂತರೂ ಇದ್ದಾರೆ. ಪ್ಲೊಟೈನಸ್‌ನ ‘ಒಂದು’ ಕೆಳಗಿನವರತ್ತ ತಿರುಗಿಯೂ ನೋಡುವುದಿಲ್ಲ. ದಿಯೊನುಸಿಯನ ದೇವರು ಪ್ರೇಮದ ಭರದಲ್ಲಿ ತನ್ನಿಂದ ತಾನೇ ಹೊರಗೆ ಹರಿದು ಸೃಷ್ಟಿಯತ್ತ ಬರುತ್ತಾನೆ. ನನ್ನ ಮಟ್ಟಿಗೆ, ಕದ್ದದ್ದಕ್ಕಿಂತ ಈ ಬದಲಾವಣೆಯೇ ದೊಡ್ಡದು.

ಅನುಮಾನ ಹುಟ್ಟಲು ಬಹಳ ಕಾಲ ಬೇಕಾಗಲಿಲ್ಲ. 532ರಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಚರ್ಚೆಯೊಂದರಲ್ಲಿ ಈ ಗ್ರಂಥಗಳ ಹೆಸರು ಬಂದಾಗ ಎಫೆಸದ ಬಿಷಪ್ ಹೈಪೇಷಿಯಸ್, ಇವು ಅಷ್ಟು ಹಳೆಯವಾದರೆ ಹಿಂದಿನ ಧರ್ಮಗುರುಗಳಾದ ಅಥನೇಸಿಯಸ್, ಸಿರಿಲ್‌ನಂಥವರು ಯಾಕೆ ಉಲ್ಲೇಖಿಸಲಿಲ್ಲ ಎಂದು ಕೇಳಿದ. ಪ್ರಶ್ನೆ ಸರಿಯಾಗಿಯೇ ಇತ್ತು, ಕಿವಿಗೊಟ್ಟವರು ಇರಲಿಲ್ಲ. 827ರಲ್ಲಿ ಬೈಜಾಂಟಿಯಂ ಚಕ್ರವರ್ತಿ ಎರಡನೇ ಮೈಕೇಲ್ ಫ್ರಾಂಕ್ ದೊರೆ ಲೂಯಿಗೆ ಇದರ ಹಸ್ತಪ್ರತಿ ಉಡುಗೊರೆ ಕಳಿಸಿದ. ಅದು ಸೇರಿದ ಸಾಂ ದೆನಿ ಮಠದಲ್ಲಿ ಪ್ಯಾರಿಸ್ಸಿನ ಹುತಾತ್ಮ ದೆನಿಯೂ ಈ ದಿಯೊನುಸಿಯನೂ ಒಬ್ಬನೇ ಎಂದಾಯಿತು. 12ನೇ ಶತಮಾನದಲ್ಲಿ ಅದೇ ಮಠದಲ್ಲಿದ್ದ ತತ್ವಜ್ಞಾನಿ ಅಬೆಲಾರ್ಡ್ ಈ ನಂಬಿಕೆಯನ್ನು ಕೆಣಕಿ ಮಠ ಬಿಟ್ಟು ಓಡಬೇಕಾಯಿತು. 15ನೇ ಶತಮಾನದಲ್ಲಿ ಇಟಲಿಯ ವಿದ್ವಾಂಸ ಲೊರೆಂಜೊ ವಲ್ಲಾ ಸಂಶಯ ಎತ್ತಿದ, 1505ರಲ್ಲಿ ಡಚ್ ವಿದ್ವಾಂಸ ಎರಾಸ್ಮಸ್ ಅದನ್ನು ಅಚ್ಚು ಹಾಕಿಸಿದ. 1520ರಲ್ಲಿ ಪ್ರೊಟೆಸ್ಟಂಟ್ ಸುಧಾರಕ ಲೂಥರ್, ಇವನಲ್ಲಿ ಕ್ರೈಸ್ತನಿಗಿಂತ ಪ್ಲೇಟೋವಾದಿಯೇ ಹೆಚ್ಚು ಎಂದು ಝಾಡಿಸಿದ. ಗಟ್ಟಿ ಪುರಾವೆ ಸಿಕ್ಕಿದ್ದು 1895ರಲ್ಲಿ.

ವಿಚಿತ್ರವೆಂದರೆ, ಅದಕ್ಕೂ 600 ವರ್ಷ ಮೊದಲೇ ದಿಯೊನುಸಿಯ, ಪ್ರೊಕ್ಲಸ್ ಇಬ್ಬರನ್ನೂ ಒಬ್ಬರ ಪಕ್ಕ ಒಬ್ಬರನ್ನಿಟ್ಟು ಓದಿದವನೊಬ್ಬನಿದ್ದ, ಕ್ರೈಸ್ತ ಚಿಂತಕ ಥಾಮಸ್ ಅಕ್ವಿನಾಸ್. ಪ್ರೊಕ್ಲಸ್‌ನ ‘ದೇವತಾಶಾಸ್ತ್ರದ ಮೂಲತತ್ವಗಳು’ 1268ರಲ್ಲಿ ಲ್ಯಾಟಿನ್‌ಗೆ ಬಂದ ಕೂಡಲೇ, ಅರಿಸ್ಟಾಟಲ್‌ನದೆಂದು ಓದುತ್ತಿದ್ದ ಒಂದು ಅರಬ್ಬೀ ಮೂಲದ ಗ್ರಂಥ ನಿಜಕ್ಕೂ ಇದರಿಂದ ಹೆಕ್ಕಿದ್ದು ಎಂದು ಅವನು ಪತ್ತೆಹಚ್ಚಿದ. ದಿಯೊನುಸಿಯನ ಶೈಲಿ ಪ್ಲೇಟೋವಾದಿಗಳದು ಎಂಬುದೂ ಅವನ ಕಣ್ಣಿಗೆ ಬಿದ್ದಿತ್ತು. ಪೌಲನ ಶಿಷ್ಯನೆಂಬ ಗೌರವ ಅಡ್ಡಬಂದು ಇನ್ನೊಂದು ಹೆಜ್ಜೆ ಮುಂದಿಡಲಿಲ್ಲ. ಆದರೂ ಆ ಅರಬ್ಬೀ ಮೂಲದ ಗ್ರಂಥಕ್ಕೆ ಬರೆದ ವ್ಯಾಖ್ಯಾನದಲ್ಲಿ, ಹಲವು ದೇವತೆಗಳ ವಿಷಯದಲ್ಲಿ ಪ್ಲೇಟೋವಾದಿಗಳ ನಿಲುವನ್ನು ದಿಯೊನುಸಿಯ ತಿದ್ದಿದ್ದಾನೆ ಎಂದು ಗುರುತು ಹಾಕಿಟ್ಟಿದ್ದಾನೆ.