ಬಾಗಿಲು ತೆರೆಯದವರ ಅಭಿಪ್ರಾಯ

2015ರ ಮೇ 7ರಂದು ಬ್ರಿಟನ್ನಿನಲ್ಲಿ ಸಂಸತ್ ಚುನಾವಣೆ ನಡೆಯಿತು. ಕನ್ಸರ್ವೇಟಿವ್ ಮತ್ತು ಲೇಬರ್ ಪಕ್ಷಗಳು ಹೆಚ್ಚುಕಡಿಮೆ ಸಮಬಲದಲ್ಲಿವೆ ಎಂದು ಕೊನೆಯ ದಿನದ ಸಮೀಕ್ಷೆಗಳು ಸಾರಿದ್ದವು. ಮತ ಎಣಿಸಿದಾಗ ಕನ್ಸರ್ವೇಟಿವ್ ಪಕ್ಷ ಶೇ. 6ಕ್ಕೂ ಹೆಚ್ಚಿನ ಅಂತರದಿಂದ ಮುಂದಿತ್ತು. ಇಂಥದ್ದೊಂದು ಘಟನೆ ಸಾಕು, ಸಮೀಕ್ಷೆಯೂ ಗಿಳಿಶಾಸ್ತ್ರವೂ ಒಂದೇ ಎನ್ನುವವರು ಎದ್ದು ನಿಲ್ಲುತ್ತಾರೆ. ನನಗೆ ಈ ಮಾತು ಕೇಳಿದಾಗಲೆಲ್ಲ ಸಿಟ್ಟು ಬರುತ್ತದೆ. ಭವಿಷ್ಯ ತಪ್ಪಿದರೆ ಗಿಳಿಯನ್ನು ಯಾರೂ ವಿಚಾರಣೆಗೆ ಕರೆಯುವುದಿಲ್ಲ. ಸಮೀಕ್ಷೆ ತಪ್ಪಿದಾಗ ಬ್ರಿಟನ್ನಿನಲ್ಲಿ ಪ್ರೊಫೆಸರ್ ಪ್ಯಾಟ್ರಿಕ್ ಸ್ಟರ್ಜಿಸ್ ಅವರ ನೇತೃತ್ವದಲ್ಲಿ ತನಿಖೆಯೇ ನಡೆಯಿತು.

ಸಾವಿರ ಜನರನ್ನು ಕೇಳಿ ನಾಲ್ಕೂವರೆ ಕೋಟಿ ಮತದಾರರ ಮನಸ್ಸು ಅಳೆಯುವುದು ಹೇಗೆ ಎಂಬುದು ಸಾಮಾನ್ಯ ಆಕ್ಷೇಪ. ದೋಷ ಅಲ್ಲಿರಲಿಲ್ಲ. ಕುರುಡು ಲಾಟರಿಯಿಂದ ಆರಿಸಿದ ಸಾವಿರ ಜನರ ಉತ್ತರ ಸುಮಾರು ಶೇ. 3ರಷ್ಟು ಅತ್ತಿತ್ತ ಸರಿಯಬಹುದು, ಅಷ್ಟೇ. ಆಯ್ಕೆಯೇ ಕೆಟ್ಟರೆ ಎಷ್ಟು ಲಕ್ಷ ಜನರನ್ನು ಕೇಳಿದರೂ ಪ್ರಯೋಜನವಿಲ್ಲ. 1936ರಲ್ಲಿ ಅಮೆರಿಕದ ‘ಲಿಟರರಿ ಡೈಜೆಸ್ಟ್’ ಪತ್ರಿಕೆ 20 ಲಕ್ಷಕ್ಕೂ ಹೆಚ್ಚು ಉತ್ತರ ಪಡೆದು, ಅಧ್ಯಕ್ಷ ಚುನಾವಣೆಯಲ್ಲಿ ರೂಸ್‌ವೆಲ್ಟ್ ಸೋಲುತ್ತಾರೆ ಎಂದಿತ್ತು. ಅವರು 48 ರಾಜ್ಯಗಳಲ್ಲಿ 46ನ್ನು ಗೆದ್ದರು. ಅದಕ್ಕಿಂತ ಬಹಳ ಸಣ್ಣ ಸಮೀಕ್ಷೆಯಿಂದ ಗೆಲುವನ್ನು ಸರಿಯಾಗಿ ಹೇಳಿದ ಜಾರ್ಜ್ ಗ್ಯಾಲಪ್ ಅವರ ವಿಧಾನವನ್ನು ಮರುವರ್ಷ ಹೆನ್ರಿ ಡ್ಯುರಂಟ್ ಬ್ರಿಟನ್ನಿನಲ್ಲಿ ಆರಂಭಿಸಿದರು. 1945ರಲ್ಲಿ ಅವರ ಸಂಸ್ಥೆ ಲೇಬರ್ ಮುಂದಿದೆ ಎಂದಾಗ, ಯುದ್ಧ ಗೆದ್ದ ಚರ್ಚಿಲ್ ಸೋಲುವರೆಂದು ನಂಬಿದವರು ಕಡಿಮೆ. ಚರ್ಚಿಲ್ ಸೋತರು.

ಹಾಗಾದರೆ 2015ರಲ್ಲಿ ಏನಾಯಿತು? ಇದಕ್ಕೆ ನನಗೆ ಅತ್ಯಂತ ಇಷ್ಟವಾದ ಪುರಾವೆ ಚುನಾವಣೆಯ ನಂತರ ನಡೆದ ಮತ್ತೊಂದು ಸಮೀಕ್ಷೆಯಲ್ಲಿದೆ. ‘ಬ್ರಿಟಿಷ್ ಸೋಷಿಯಲ್ ಆಟಿಟ್ಯೂಡ್ಸ್’ ಎಂಬ ಈ ಸಮೀಕ್ಷೆ 1983ರಿಂದ ನಡೆಯುತ್ತಿದೆ. 2015ರ ಹೊತ್ತಿಗೆ ಅಂಚೆ ವಿಳಾಸಗಳ ಪಟ್ಟಿಯಿಂದ ಲಾಟರಿಯಂತೆ ಮನೆಗಳನ್ನು ಆರಿಸಿ, ಆ ಮನೆಯ ವಯಸ್ಕರಲ್ಲಿ ಒಬ್ಬರನ್ನು ಮತ್ತೆ ಲಾಟರಿಯಿಂದಲೇ ಗೊತ್ತುಮಾಡುತ್ತಿದ್ದರು. ಅವರು ಮನೆಯಲ್ಲಿಲ್ಲವೆಂದು ಪಕ್ಕದ ಮನೆಯವರನ್ನು ಕೇಳುವಂತಿಲ್ಲ. ಬೇರೆ ದಿನ, ಬೇರೆ ಹೊತ್ತಿನಲ್ಲಿ ಮತ್ತೆ ಹೋಗಬೇಕು.

ರಾಜಕೀಯ ವಿಜ್ಞಾನಿ ಜಾನ್ ಕರ್ಟಿಸ್ ಈ ಭೇಟಿಗಳ ಲೆಕ್ಕವನ್ನೇ ಬಿಡಿಸಿ ನೋಡಿದರು. ಮೊದಲ ಭೇಟಿಯಲ್ಲೇ ಸಿಕ್ಕವರಲ್ಲಿ ಲೇಬರ್ ಪಕ್ಷ ಸುಮಾರು ಶೇ. 6ರಷ್ಟು ಮುಂದಿತ್ತು. ಮೂರರಿಂದ ಆರು ಸಲ ಅಲೆದ ಮೇಲೆ ಸಿಕ್ಕವರಲ್ಲಿ ಕನ್ಸರ್ವೇಟಿವ್ ಪಕ್ಷ ಸುಮಾರು ಶೇ. 11ರಷ್ಟು ಮುಂದಿತ್ತು! ಎಲ್ಲರನ್ನೂ ಕೂಡಿಸಿದಾಗ ನಿಜವಾದ ಫಲಿತಾಂಶಕ್ಕೆ ತೀರ ಹತ್ತಿರದ ಚಿತ್ರ ಬಂತು. ಎರಡು ಮೂರು ದಿನಗಳಲ್ಲಿ ಫೋನು, ಅಂತರ್ಜಾಲದ ಮೂಲಕ ಮುಗಿಸುವ ಸಮೀಕ್ಷೆ, ಸುಲಭವಾಗಿ ಸಿಗುವವರನ್ನೇ ಹೆಚ್ಚಾಗಿ ಹಿಡಿಯುತ್ತದೆ. ಜನ ಸುಳ್ಳು ಹೇಳಿದರು, ಕೊನೆಗಳಿಗೆಯಲ್ಲಿ ಮನಸ್ಸು ಬದಲಿಸಿದರು ಎಂಬ ವಿವರಣೆಗಳನ್ನು ಸ್ಟರ್ಜಿಸ್ ತಂಡವೂ ಮುಖ್ಯ ಕಾರಣವೆಂದು ಒಪ್ಪಲಿಲ್ಲ. ಪ್ರತಿಕ್ರಿಯಿಸಿದವರ ಗುಂಪಿನಲ್ಲೇ ಲೇಬರ್ ಬೆಂಬಲಿಗರು ಹೆಚ್ಚಿದ್ದರು ಎಂದಿತು.

ಚುನಾವಣೆ ಮುಗಿದ ಮೇಲೆ ಸಮೀಕ್ಷೆಯನ್ನೇ ಮರೆತುಬಿಡುವವರು ದೊಡ್ಡದನ್ನು ಕಳೆದುಕೊಳ್ಳುತ್ತಾರೆ. ಒಂದೇ ಜನಾಂಗ ನಾಲ್ಕು ದಶಕಗಳಲ್ಲಿ ಹೇಗೆ ಬದಲಾಯಿತು ಎಂಬುದನ್ನು ಹೀಗೆ ಶ್ರದ್ಧೆಯಿಂದ ಕೇಳಿದಾಗ ಮಾತ್ರ ತಿಳಿಯುತ್ತದೆ. ಇದೇ ಸೋಷಿಯಲ್ ಆಟಿಟ್ಯೂಡ್ಸ್ ಸಮೀಕ್ಷೆಯಲ್ಲಿ, ಸಲಿಂಗಿಗಳ ಲೈಂಗಿಕ ಸಂಬಂಧ ‘ಖಂಡಿತ ತಪ್ಪಲ್ಲ’ ಎಂದವರು 1983ರಲ್ಲಿ ಶೇ. 17 ಮಾತ್ರ. ಏಡ್ಸ್ ಭೀತಿ ಹಬ್ಬಿದ 1987ರ ಹೊತ್ತಿಗೆ ಅದೂ ಕುಸಿಯಿತು. 2022ರಲ್ಲಿ ಅದು ಶೇ. 67 ತಲುಪಿತು. ಗಂಡಸು ದುಡಿಯಬೇಕು, ಹೆಂಗಸು ಮನೆ ನೋಡಿಕೊಳ್ಳಬೇಕು ಎನ್ನುವವರು 1980ರ ದಶಕದ ನಡುವೆ ಹೆಚ್ಚುಕಡಿಮೆ ಅರ್ಧದಷ್ಟಿದ್ದರು. 2022ರಲ್ಲಿ ಹತ್ತರಲ್ಲಿ ಒಬ್ಬರೂ ಸಿಗುವುದು ಕಷ್ಟವಾಗಿತ್ತು. ಪ್ರಶ್ನೆಯ ಪದಗಳನ್ನು ಬದಲಿಸದೆ ಕೇಳುತ್ತ ಬಂದದ್ದರಿಂದಲೇ ಈ ಹೋಲಿಕೆ ಸಾಧ್ಯವಾಯಿತು.

ಕೋವಿಡ್ ಬಂದ ಮೇಲೆ ಮನೆಮನೆಗೆ ಹೋಗುವ ಪದ್ಧತಿ ನಿಂತಿತು. ವಿಳಾಸಗಳನ್ನು ಆಮೇಲೂ ಲಾಟರಿಯಿಂದಲೇ ಆರಿಸಿದರು, ಆದರೆ ಅಲ್ಲಿಗೆ ಪತ್ರ ಬರೆದು ಅಂತರ್ಜಾಲದಲ್ಲಿ ಉತ್ತರಿಸುವಂತೆ ಕೋರತೊಡಗಿದರು. ಆ ಪತ್ರವನ್ನು ಓದದೆ ಪಕ್ಕಕ್ಕಿಡುವವರು ಯಾರು, ಅವರ ಅಭಿಪ್ರಾಯ ಉಳಿದವರಿಗಿಂತ ಎಷ್ಟು ಬೇರೆ ಎಂಬುದು ಈ ಕ್ಷೇತ್ರದ ಇಂದಿನ ಕಠಿಣ ಪ್ರಶ್ನೆ.