ಭೀಷ್ಮ ಸುಮ್ಮನೆ ಕೂತದ್ದು ಪ್ರತಿಜ್ಞೆಯಿಂದಲಾ?

ಪ್ರಶ್ನೆ: ಕೊಟ್ಟ ಮಾತಿಗಾಗಿ ಭೀಷ್ಮ ದ್ರೌಪದಿಯ ಅವಮಾನವನ್ನೂ ನೋಡಿಕೊಂಡು ಕೂತ. ನಾಯಕನಾದವನು ಏನೇ ಆದರೂ ಮಾತಿಗೆ ಹೀಗೇ ಅಂಟಿಕೊಳ್ಳಬೇಕೇ?

ಇದು ಎಷ್ಟನೇ ಸಲವೋ, ಲೆಕ್ಕ ಇಡುವುದನ್ನೇ ಬಿಟ್ಟಿದ್ದೇನೆ. ಕೊಟ್ಟ ಮಾತಿಗೆ ಅಂಟಿಕೊಳ್ಳಬೇಕು, ಸರಿ. ಕೊಡದ ಮಾತಿಗೆ ಯಾಕೆ? ನಿಮ್ಮ ಪ್ರಶ್ನೆಯ ಮೊದಲರ್ಧವೇ ತಪ್ಪು.

ದೇವವ್ರತ, ಅಂದರೆ ಮುಂದೆ ಭೀಷ್ಮನಾದವನು, ಪ್ರತಿಜ್ಞೆ ಮಾಡಿದ್ದು ಬೆಸ್ತರ ಒಡೆಯ ದಾಶರಾಜನ ಮುಂದೆ. ಮಗಳು ಸತ್ಯವತಿಯನ್ನು ದೇವವ್ರತನ ಅಪ್ಪ ಶಂತನುವಿಗೆ ಕೊಡಬೇಕಾದರೆ ಅವಳ ಮಗನಿಗೇ ಪಟ್ಟ ಸಿಗಬೇಕು ಎಂಬುದು ಅವನ ಹಟ. 'ಪಟ್ಟ ನನಗೆ ಬೇಡ' ಅಂದ ದೇವವ್ರತ. ನಿನ್ನ ಮಕ್ಕಳು ಸುಮ್ನಿರ್ತಾರಾ ಎಂಬ ಅನುಮಾನ ಬಂತು. 'ಹಾಗಾದರೆ ಮದುವೆಯೇ ಆಗುವುದಿಲ್ಲ' ಅಂದ. ಎರಡೇ ಮಾತು, ಎಣಿಸಿ ನೋಡಿ. ಗದ್ದುಗೆಯ ಮೇಲೆ ಯಾರೇ ಕೂತು ಏನೇ ಮಾಡಿದರೂ ತಲೆಬಾಗುತ್ತೇನೆ ಎಂಬ ಮೂರನೆಯ ಮಾತು ವ್ಯಾಸಭಾರತದ ಆ ಪ್ರಸಂಗದಲ್ಲಿ ಇಲ್ಲ. ಅದು ಟಿವಿ ಧಾರಾವಾಹಿಯ ಕೊಡುಗೆ.

ಸಭೆಯಲ್ಲಾದರೂ ಅವನು ಪ್ರತಿಜ್ಞೆಯ ಹೆಸರೆತ್ತಿದನಾ? ಅದೂ ಇಲ್ಲ. ಅವನು ಪೂರ್ತಿ ಸುಮ್ಮನೆ ಕೂತಿರಲೂ ಇಲ್ಲ! ತನ್ನನ್ನೇ ಸೋತವನು ನನ್ನನ್ನು ಪಣಕ್ಕೆ ಇಟ್ಟದ್ದು ಸರಿಯೇ ಎಂದು ದ್ರೌಪದಿ ಕೇಳಿದಳು. ಧರ್ಮ ಬಹಳ ಸೂಕ್ಷ್ಮ, ಬಿಡಿಸಿ ಹೇಳಲು ನನ್ನಿಂದಾಗದು ಎಂದು ಜಾರಿಕೊಂಡ. ಇದು ತಪ್ಪು ಎಂದು ಅದೇ ಸಭೆಯಲ್ಲಿ ಎದ್ದು ಹೇಳಿದವನು ವಿಕರ್ಣ. ದುರ್ಯೋಧನನ ಸ್ವಂತ ತಮ್ಮ. ಅವನಿಗೇನು ಇಕ್ಕಟ್ಟು ಕಡಿಮೆ ಇತ್ತಾ?

ಕೌರವರ ಕಡೆ ಏಕೆ ನಿಂತೆ ಎಂಬುದಕ್ಕೆ ಭೀಷ್ಮನೇ ಯುದ್ಧದ ಬಾಗಿಲಲ್ಲಿ ಕಾರಣ ಕೊಡುತ್ತಾನೆ. ಆಯುಧ ಕೆಳಗಿಟ್ಟು ಆಶೀರ್ವಾದ ಕೇಳಲು ಬಂದ ಧರ್ಮರಾಯನಿಗೆ ಹೇಳುವ ಮಾತು ಅದು. ಮನುಷ್ಯ ಹಣದ ಆಳು, ಹಣ ಯಾರ ಆಳೂ ಅಲ್ಲ, ಕೌರವರು ನನ್ನನ್ನು ಅದರಲ್ಲೇ ಕಟ್ಟಿಹಾಕಿದ್ದಾರೆ. ನೋಡಿ, ಮುದುಕ ಎಷ್ಟು ನೇರವಾಗಿ ಒಪ್ಪಿಕೊಂಡ! ನಾವೇ ಅವನ ಋಣಕ್ಕೆ ವ್ರತದ ಬಣ್ಣ ಬಳಿದು ಕೂತಿದ್ದೇವೆ. ಸಂಬಳಕ್ಕೆ ಹೆದರಿ ಬಾಯಿ ಮುಚ್ಚಿದ ಮೇಲಧಿಕಾರಿ 'ನಿಷ್ಠೆ' ಅನ್ನುತ್ತಾನಲ್ಲ, ಅಲ್ಲಿಗೂ ಇದೇ ಬಣ್ಣ ಹೋಗುತ್ತದೆ.

ನೀವು ಕೇಳಬೇಕಾಗಿದ್ದ ಪ್ರಶ್ನೆ ಬೇರೆ. ನಿಜವಾಗಿ ಕೊಟ್ಟ ಮಾತೇ ಕೆಟ್ಟ ಕೆಲಸಕ್ಕೆ ಎಳೆದರೆ? ಅದಕ್ಕೆ ಕರ್ಣಪರ್ವಕ್ಕೆ ಹೋಗಬೇಕು. ನಿನ್ನ ಬಿಲ್ಲು ಗಾಂಡೀವವನ್ನು ಬೇರೆಯವರಿಗೆ ಕೊಡು ಅಂದವನ ತಲೆ ತೆಗೆಯುತ್ತೇನೆ ಎಂಬುದು ಅರ್ಜುನನ ಗುಟ್ಟಿನ ವ್ರತ. ಕರ್ಣನಿಂದ ಪೆಟ್ಟು ತಿಂದು ಬಿಡಾರದಲ್ಲಿ ನರಳುತ್ತಿದ್ದ ಧರ್ಮರಾಯ ಸಿಟ್ಟಿನಲ್ಲಿ ಅದನ್ನೇ ಅಂದುಬಿಟ್ಟ. ಅರ್ಜುನ ಕತ್ತಿ ಹಿರಿದ, ಅಣ್ಣನ ಮೇಲೆ! ಕೃಷ್ಣ ತಡೆದು ಚೆನ್ನಾಗಿ ಬೈದ. ಆಮೇಲೆ ದಾರಿ ತೋರಿಸಿದ. ಹಿರಿಯರನ್ನು 'ನೀನು' ಎಂದು ಏಕವಚನದಲ್ಲಿ ಹೀಯಾಳಿಸಿದರೆ ಕೊಂದಂತೆಯೇ, ಅಷ್ಟು ಮಾಡು ಸಾಕು. ಅರ್ಜುನ ಮಾಡಿದ. ಮಾಡಿ, ನಾಚಿಕೆಯಿಂದ ತನ್ನ ಕುತ್ತಿಗೆಗೇ ಕತ್ತಿ ಎತ್ತಿದ. ಅದಕ್ಕೂ ಕೃಷ್ಣನ ಬಳಿ ಉಪಾಯವಿತ್ತು. ನಿನ್ನನ್ನು ನೀನೇ ಹೊಗಳಿಕೋ, ಅದೂ ಆತ್ಮಹತ್ಯೆಯೇ.

ಮಾತು ಉಳಿಯಿತು, ತಲೆಗಳೂ ಉಳಿದವು. ಆದರೆ ತಮ್ಮನ ಬೈಗುಳಕ್ಕೆ ನೊಂದ ಧರ್ಮರಾಯ ಹಾಸಿಗೆಯಿಂದೆದ್ದು, ಕಾಡಿಗೆ ಹೋಗುತ್ತೇನೆ ಎಂದು ಹೊರಟು ನಿಂತ. ಅವನನ್ನು ತಡೆಯಲು ಕೃಷ್ಣನೇ ಕೈಮುಗಿಯಬೇಕಾಯಿತು.