ಮಿನಿವ್ಯಾನ್ ತಳ ಹಂಪ್‌ಗೆ ತಾಗುತ್ತದಾ?

ಪ್ರಶ್ನೆ: ಮನೆಯಲ್ಲಿ ಏಳು ಜನ ಇದ್ದೇವೆ. ಮಿನಿವ್ಯಾನ್ ಇಷ್ಟ, ಆದರೆ ಗ್ರೌಂಡ್ ಕ್ಲಿಯರೆನ್ಸ್ (ನೆಲಕ್ಕೂ ಗಾಡಿಯ ತಳಕ್ಕೂ ನಡುವಿನ ಅಂತರ) ಕಡಿಮೆ ಅಂತಾರೆ. ಎಸ್‌ಯುವಿ ತಗೊಳ್ಳೋದೇ ಒಳ್ಳೆಯದಾ?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕವಿಲ್ಲ. ಇನ್ನೊಮ್ಮೆ ಹೇಳುತ್ತೇನೆ. ದಿನದ ಓಡಾಟ ಡಾಂಬರು ರಸ್ತೆಯಲ್ಲಾದರೆ ಮಿನಿವ್ಯಾನ್ ಧಾರಾಳವಾಗಿ ಸಾಕು. ಕೊರಕಲು ಬಿದ್ದ ಮಣ್ಣುದಾರಿಯೇ ದಿನವೂ ಗತಿಯಾದರೆ ಬೇಡ.

ನನಗೆ ಬೇಸರ ತರಿಸುವುದು ಬೇರೆ. "ಬ್ರೋಶರ್‌ನಲ್ಲಿ 180 ಮಿ.ಮೀ. ಅಂತಿದೆ, ಇನ್ನು ತಾಗುವುದಿಲ್ಲ" ಎನ್ನುತ್ತಾರಲ್ಲ, ಆ ನಂಬಿಕೆ. ಆ ಒಂದು ಅಂಕಿಯಿಂದ ಏನೂ ತೀರ್ಮಾನವಾಗುವುದಿಲ್ಲ.

ಹಂಪ್ ತಳಕ್ಕೆ ತಾಗುವುದು ಯಾವಾಗ? ಮುಂದಿನ ಚಕ್ರ ಇಳಿದಿರುತ್ತದೆ, ಹಿಂದಿನದು ಇನ್ನೂ ಹತ್ತಿರುವುದಿಲ್ಲ. ಆಗ ಹಂಪ್ ಗಾಡಿಯ ನಡುಹೊಟ್ಟೆಯ ಕೆಳಗಿರುತ್ತದೆ. ಎರಡು ಚಕ್ರಗಳ ನಡುವಿನ ದೂರ, ಅಂದರೆ ವೀಲ್‌ಬೇಸ್, ಜಾಸ್ತಿಯಾದಷ್ಟೂ ತಾಗುವ ಸಾಧ್ಯತೆ ಜಾಸ್ತಿ. ಇದನ್ನು ಅಳೆಯುವುದು ಬ್ರೇಕ್‌ಓವರ್ ಕೋನದಿಂದ. ಕೋನ ದೊಡ್ಡದಾದಷ್ಟೂ ಕಡಿದಾದ ಉಬ್ಬನ್ನು ದಾಟಬಹುದು. 2450 ಮಿ.ಮೀ. ವೀಲ್‌ಬೇಸ್‌ನ ಸಣ್ಣ ಕಾರಿಗೆ 170 ಮಿ.ಮೀ. ಕ್ಲಿಯರೆನ್ಸ್ ಇದ್ದರೆ ಈ ಕೋನ ಸುಮಾರು 16 ಡಿಗ್ರಿ. ಅದೇ 170 ಮಿ.ಮೀ. ಇರುವ, 3000 ಮಿ.ಮೀ. ವೀಲ್‌ಬೇಸ್‌ನ ಮಿನಿವ್ಯಾನ್‌ಗೆ ಸುಮಾರು 13 ಮಾತ್ರ. ಸಣ್ಣ ಕಾರಿನ ಸಮಕ್ಕೆ ಬರಲು ಅದಕ್ಕೆ ಸುಮಾರು 208 ಮಿ.ಮೀ. ಬೇಕು! ಕಿಯಾ ಕಾರ್ನಿವಲ್‌ನ ವೀಲ್‌ಬೇಸ್ 3090 ಮಿ.ಮೀ. ಈಗ ಲೆಕ್ಕ ಹಾಕಿ ನೋಡಿ. ಮೂರು ಸಾಲು ಸೀಟಿನ ಉದ್ದನೆಯ ಎಸ್‌ಯುವಿಗೂ ಇದೇ ಲೆಕ್ಕ.

ಇನ್ನೂ ಒಂದಿದೆ. ಕೆಲವು ಕಂಪನಿಗಳು ಖಾಲಿ ಗಾಡಿಯ ಅಂಕಿ ಕೊಡುತ್ತವೆ, ಕೆಲವು ತುಂಬಿದ ಗಾಡಿಯದು. ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿದರೆ ಅರ್ಥವೇ ಇಲ್ಲ. ಏಳು ಜನ, ಜೊತೆಗೆ ಬ್ಯಾಗು ಹೇರಿದರೆ ಹಿಂಭಾಗ ಕುಸಿಯುತ್ತದೆ. ಹಾಗಾಗಿ ಟೆಸ್ಟ್ ಡ್ರೈವ್‌ಗೆ ಒಬ್ಬರೇ ಹೋಗಬೇಡಿ. ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ನೀವು ದಿನಾ ದಾಟುವ ಹಂಪ್ ಮೇಲೇ ಓಡಿಸಿ. ಬ್ರೇಕ್ ಹಾಕಿದಾಗ ಮೂತಿ ಬಗ್ಗುತ್ತದೆ. ಅದಕ್ಕೇ ಹಂಪ್‌ಗೆ ಮುಂಚೆಯೇ ನಿಧಾನಿಸಿ, ಹತ್ತುವಾಗ ಬ್ರೇಕ್ ಬಿಟ್ಟಿರಿ.

ತಳ ತಗ್ಗಾಗಿರುವುದು ದೋಷ ಅಂತ ಯಾಕೆ ಅಂದುಕೊಳ್ಳಬೇಕು? ಮಂಡಿನೋವಿನ ಅಜ್ಜಿ ಯಾರ ಕೈಯನ್ನೂ ಹಿಡಿಯದೆ ಹತ್ತಿ ಕೂರುವುದು ಅದರಿಂದಲೇ. ಜಾರುವ ಬಾಗಿಲಿದ್ದರಂತೂ ಇಕ್ಕಟ್ಟಿನ ಪಾರ್ಕಿಂಗ್‌ನಲ್ಲೂ ಮಗುವನ್ನು ಸಲೀಸಾಗಿ ಇಳಿಸಬಹುದು. ಭಾರದ ಪೆಟ್ಟಿಗೆಯನ್ನು ಎದೆಮಟ್ಟಕ್ಕೆ ಎತ್ತುವ ಕೆಲಸವೂ ಇಲ್ಲ. ನನಗೆ ಈ ಗಾಡಿಗಳು ಇಷ್ಟವಾಗುವುದೇ ಇದಕ್ಕೆ.

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ: ಎತ್ತರಕ್ಕಾಗಿ ದೊಡ್ಡ ಟೈರ್ ಹಾಕಿಸಬೇಡಿ. ಟೈರಿನ ವ್ಯಾಸ 20 ಮಿ.ಮೀ. ಹೆಚ್ಚಿದರೆ ಗಾಡಿ ಏಳುವುದು 10 ಮಿ.ಮೀ. ಅಷ್ಟೇ. ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸತೊಡಗುತ್ತದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಟೈರ್ ಒಳಗೆ ಉಜ್ಜಲೂಬಹುದು. ಅದರ ಬದಲು ಡ್ರೈವರ್ ಬಾಗಿಲು ತೆರೆದು ಅಲ್ಲಿರುವ ಸ್ಟಿಕ್ಕರ್ ಓದಿ. ಎಷ್ಟೋ ಗಾಡಿಗಳಲ್ಲಿ ಪೂರ್ತಿ ಜನ ತುಂಬಿದಾಗ ಎಷ್ಟು ಗಾಳಿ ಇರಬೇಕು ಅಂತ ಬೇರೆಯೇ ಬರೆದಿರುತ್ತದೆ. ಊರಿಗೆ ಹೊರಡುವ ದಿನ ಬೆಳಿಗ್ಗೆ, ಟೈರ್ ತಣ್ಣಗಿರುವಾಗಲೇ ಅಷ್ಟು ಗಾಳಿ ಹಾಕಿಸಿಕೊಳ್ಳಿ.